ಹಿತ್ತಲಲ್ಲಿ ಸಲ್ಕಾಟಾ ಆಮೆ: ಫೀನಿಕ್ಸ್‌ನ ಬಿಸಿಲಲ್ಲಿ ನೀರಿನ ವ್ಯವಸ್ಥೆ ಮಾಡುವುದು ಹೇಗೆ?

ಅರಿಜೋನಾದ ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್ ಕಡೆ ಹಿತ್ತಲಿರುವ ಮನೆಗಳಲ್ಲಿ ಸಲ್ಕಾಟಾ ಆಮೆ ಸಾಕುವವರು ಬಹಳ ಮಂದಿ. ಕೊಳ್ಳುವಾಗ ಕೇಳಿಬರುವ ಮಾತು ಒಂದೇ: "ಮರುಭೂಮಿಯ ಪ್ರಾಣಿ, ನೀರು ಅಷ್ಟೇನೂ ಬೇಕಾಗಿಲ್ಲ." ಈ ಮಾತನ್ನು ನಂಬಿದ ಮನೆಗಳಲ್ಲೇ ಮೂತ್ರಕೋಶದಲ್ಲಿ ಕಲ್ಲು ಬೆಳೆದ ಆಮೆಗಳು, ಚಿಪ್ಪು ಗುಡ್ಡಗುಡ್ಡವಾಗಿ ಎದ್ದ ಮರಿಗಳು ಹೆಚ್ಚು ಸಿಗುತ್ತವೆ.

ಸಲ್ಕಾಟಾದ ತವರು ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಸೀಮೆ. ಒಣ ನಾಡು ಹೌದು, ಆದರೆ ಆಮೆ ಅಲ್ಲಿ ಬದುಕುವುದು ಬಿಸಿಲಲ್ಲಿ ಅಲ್ಲ. ಮೀಟರುಗಟ್ಟಲೆ ಉದ್ದದ ಬಿಲ ತೋಡಿಕೊಂಡು, ಹೊರಗಿನ ಗಾಳಿಗಿಂತ ಎಷ್ಟೋ ತೇವವಾಗಿರುವ ಆ ಒಳಮಣ್ಣಿನಲ್ಲಿ ದಿನದ ಹೆಚ್ಚು ಹೊತ್ತು ಕಳೆಯುತ್ತದೆ. ಮಳೆಗಾಲದಲ್ಲಿ ಹಸಿ ಹುಲ್ಲು ಮೇಯುತ್ತದೆ, ನಿಂತ ನೀರು ಸಿಕ್ಕಾಗ ಹೊಟ್ಟೆ ತುಂಬ ಕುಡಿಯುತ್ತದೆ. ಕಲ್ಲು ಹಾಸಿದ ಹಿತ್ತಲಲ್ಲಿ ಒಣ ಹುಲ್ಲು ಹಾಕಿ, ಮೂಲೆಯಲ್ಲೊಂದು ಪ್ಲಾಸ್ಟಿಕ್ ಬೋಗುಣಿ ಇಟ್ಟರೆ ಇದರಲ್ಲಿ ಯಾವುದೂ ಅದಕ್ಕೆ ಸಿಗುವುದಿಲ್ಲ. ಆಮೆಯ ಮೈಗೆ ನೀರು ಸೇರುವ ದಾರಿ ಮೂರು: ಕುಡಿಯುವ ತೊಟ್ಟಿ, ಇರುವ ಜಾಗದ ತೇವ, ತಿನ್ನುವ ಸೊಪ್ಪು. ಮೂರನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ತೊಟ್ಟಿ ತುಂಬಿದ್ದ ಮಾತ್ರಕ್ಕೆ ಆಮೆ ನೀರು ಕುಡಿದಿದೆ ಎಂದು ತಿಳಿಯಬೇಡಿ.

ಇಲ್ಲಿನ ಲೆಕ್ಕವೆಲ್ಲ ಸಲ್ಕಾಟಾಕ್ಕೆ. ಅರಿಜೋನಾದ್ದೇ ಆದ ಸೊನೋರನ್ ಮರುಭೂಮಿ ಆಮೆ ಬೇರೆ ಜಾತಿ. ಅದನ್ನು ಕಾಡಿನಿಂದ ತರುವಂತಿಲ್ಲ. ಅರಿಜೋನಾ ಗೇಮ್ ಅಂಡ್ ಫಿಶ್ ಇಲಾಖೆ ದತ್ತು ಕೊಡುತ್ತದೆ. ಅದು ಚಳಿಗಾಲವಿಡೀ ಮಲಗುತ್ತದೆ, ಸಲ್ಕಾಟಾ ಮಲಗುವುದಿಲ್ಲ. ಹಾಗಾಗಿ ಸಲ್ಕಾಟಾಕ್ಕೆ ವರ್ಷದ 12 ತಿಂಗಳೂ ನೀರಿನ ಯೋಚನೆ ಮಾಡಬೇಕು.

ಮೊದಲು ಬಿಳಿ ಮೂತ್ರ ನೋಡಿ

ಏನನ್ನಾದರೂ ಕಟ್ಟುವ ಮುಂಚೆ ಆಮೆ ಈಗ ಹೇಗಿದೆ ಎಂದು ತಿಳಿದುಕೊಳ್ಳಿ. ನೀರು ಉಳಿಸಲೆಂದು ಆಮೆ ದೇಹದ ಕೊಳೆಯನ್ನು ಮುಖ್ಯವಾಗಿ ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ. ಮೂತ್ರದ ಜೊತೆ ಬರುವ ಬಿಳಿ ಪದಾರ್ಥ ಅದೇ, ಅದಕ್ಕೆ ಯೂರೇಟ್ ಎನ್ನುತ್ತಾರೆ. ಮೈಯಲ್ಲಿ ನೀರು ಸಾಕಷ್ಟಿದ್ದರೆ ಯೂರೇಟ್ ತೆಳ್ಳಗೆ, ಅಥವಾ ಮೆತ್ತನೆ ಪೇಸ್ಟಿನ ಹದದಲ್ಲಿ ಇರುತ್ತದೆ. ನೀರು ಕಡಿಮೆಯಾದಾಗ ಆಮೆ ಮೂತ್ರಕೋಶದಲ್ಲಿ ಕೂಡಿಟ್ಟ ನೀರನ್ನೇ ಮೈಗೆ ವಾಪಸ್ ಎಳೆದುಕೊಳ್ಳುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಕೈಗವಸು ಹಾಕಿಕೊಂಡು ಎರಡು ಬೆರಳ ನಡುವೆ ಉಜ್ಜಿ ನೋಡಿ: ರಂಗೋಲಿ ಪುಡಿಯಂತೆ ಗರಗರ ಎಂದರೆ ನೀರು ಸಾಲುತ್ತಿಲ್ಲ. ಈ ಗರಗರವೇ ತಿಂಗಳುಗಟ್ಟಲೆ ಮುಂದುವರಿದರೆ ಕಲ್ಲಾಗುತ್ತದೆ. ದೊಡ್ಡ ಕಲ್ಲು ತೆಗೆಯಲು ಹಲವು ಬಾರಿ ಕೆಳಚಿಪ್ಪನ್ನೇ ಕತ್ತರಿಸಿ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಇದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನೀರಿನ ವ್ಯವಸ್ಥೆ ಸರಿ ಇದೆಯೋ ಇಲ್ಲವೋ ಎಂದು ಹೇಳಲು ಮನೆಯಲ್ಲಿ ಇದಕ್ಕಿಂತ ನಂಬಬಹುದಾದ ಪರೀಕ್ಷೆ ಇಲ್ಲ.

ಇನ್ನೊಂದು ಮಾತು: ಆಮೆ ಹೆದರಿದಾಗ ಮೂತ್ರಕೋಶದ ನೀರನ್ನೆಲ್ಲ ಬಿಟ್ಟುಬಿಡುತ್ತದೆ. ಬೇಸಿಗೆಯಲ್ಲಿ ಮಕ್ಕಳು, ನೆಂಟರು ಸುಮ್ಮನೆ ಎತ್ತಿ ನೋಡುವುದನ್ನು ತಪ್ಪಿಸಿ. ಎತ್ತಲೇಬೇಕಾದರೆ ಆಮೇಲೆ ನೀರಿಗೆ ಬಿಡಿ.

ಚಿಕ್ಕ ಆಮೆಗೆ ಮಣ್ಣಿನ ತಟ್ಟೆ

ಸುಮಾರು 5 ಕಿಲೋ ತೂಗುವವರೆಗೆ ಹೂಕುಂಡದ ಅಡಿ ಇಡುವ ಮಣ್ಣಿನ ತಟ್ಟೆ ಸಾಕು. ಮೆರುಗು ಹಚ್ಚದ, ಒರಟು ಮೈಯದ್ದೇ ಬೇಕು. ನುಣುಪಾದ ಪಿಂಗಾಣಿ ತಟ್ಟೆಯಲ್ಲಿ ಕಾಲು ಜಾರಿ ಆಮೆ ಅಂಗಾತ ಬೀಳುತ್ತದೆ. ಅಂಗಾತ ಬಿದ್ದ ಮರಿ ಮೂರು ಬೆರಳು ನೀರಿನಲ್ಲೂ ಮುಳುಗಿ ಸಾಯಬಲ್ಲದು. ತಟ್ಟೆಯ ಅಗಲ ಆಮೆಯ ಚಿಪ್ಪಿನ ಉದ್ದದ ಎರಡರಷ್ಟಾದರೂ ಇರಲಿ, ಇಡೀ ಮೈ ಒಳಗೆ ಹೋಗಿ ತಿರುಗಿ ಬರುವಂತಿರಬೇಕು. ತಟ್ಟೆಯನ್ನು ನೆಲದಲ್ಲಿ ಹೂತು, ಅಂಚು ಮಣ್ಣಿನ ಮಟ್ಟಕ್ಕೆ ಬರುವಂತೆ ಕೂರಿಸಿ. ಮಣ್ಣಿಗಿಂತ ಒಂದು ಸೆಂಟಿಮೀಟರ್ ಮೇಲಿದ್ದರೆ ಕಸ ತುಂಬುವುದು ಕಡಿಮೆ, ಅಷ್ಟು ಸಾಕು. ಆಮೆ ಮೂಗಿನವರೆಗೆ ಮುಖ ಮುಳುಗಿಸಿ ಗಂಟಲು ಆಡಿಸುತ್ತ ಕುಡಿಯುವ ಪ್ರಾಣಿ. ಎತ್ತರದ ಬೋಗುಣಿಯ ಅಂಚಿನ ಮೇಲೆ ಕತ್ತು ಚಾಚಿ ಕುಡಿಯಲು ಅದಕ್ಕೆ ಕಷ್ಟ.

ಹಗುರ ಪ್ಲಾಸ್ಟಿಕ್ ತಟ್ಟೆಯನ್ನು ಸಲ್ಕಾಟಾ ಒಂದೇ ದಿನದಲ್ಲಿ ಮಗುಚುತ್ತದೆ. ಸತು ಬಳಿದ ತಗಡಿನ ತೊಟ್ಟಿ ಬೇಡ, ಸತು ನೀರಿಗೆ ಬಿಡುತ್ತದೆ.

ದೊಡ್ಡ ಆಮೆಗೆ ಕಾಂಕ್ರೀಟ್ ತೊಟ್ಟಿ

ಬೆಳೆದ ಗಂಡು ಸಲ್ಕಾಟಾ 40–50 ಕಿಲೋ ತೂಗುವುದು ಸಾಮಾನ್ಯ, ಅದಕ್ಕೂ ಮೇಲೆ ಹೋಗುವುದುಂಟು. ಅದರ ಭಾರಕ್ಕೆ ಮಣ್ಣಿನ ತಟ್ಟೆ ನಿಲ್ಲುವುದಿಲ್ಲ. 90 ಸೆಂ.ಮೀ. ಅಗಲದ, ನಡುವೆ 8 ಸೆಂ.ಮೀ. ಆಳದ ಗುಂಡಗಿನ ತೊಟ್ಟಿಯೊಂದನ್ನು ನೀವೇ ಕಟ್ಟಬಹುದು. ಇದರಲ್ಲಿ ಸುಮಾರು 17 ಲೀಟರ್ ನೀರು ಹಿಡಿಯುತ್ತದೆ.

ಜಾಗ ಆರಿಸುವುದೇ ಅರ್ಧ ಕೆಲಸ. ಮಧ್ಯಾಹ್ನ ನೆರಳಿರಬೇಕು, ಮೆಸ್ಕೀಟ್ ಅಥವಾ ಪಾಲೊ ವೆರ್ಡೆ ಮರದ ಪೂರ್ವ ದಿಕ್ಕು ಒಳ್ಳೆಯದು, ಬೆಳಗಿನ ಬಿಸಿಲು ಸಿಗುತ್ತದೆ, ಸುಡುವ ಹೊತ್ತಿಗೆ ನೆರಳು ಬರುತ್ತದೆ. ಬಿಲದ ಬಾಯಿಗಿಂತ ತಗ್ಗಿನಲ್ಲಿರಲಿ, ತುಂಬಿ ಹರಿದ ನೀರು ಬಿಲಕ್ಕೆ ನುಗ್ಗಬಾರದು. ಮೇವು ಹಾಕುವ ಜಾಗದಿಂದ ಎರಡು ಮೂರು ಮೀಟರ್ ದೂರ. ಮುಖ್ಯವಾಗಿ, ಮೇಲೆ ಅಥವಾ ಪಕ್ಕದಲ್ಲಿ ಕಣಗಿಲೆ ಗಿಡ ಇರಕೂಡದು. ಫೀನಿಕ್ಸ್‌ನಲ್ಲಿ ಬೇಲಿಗೆ ಕಣಗಿಲೆ ಎಲ್ಲೆಲ್ಲೂ ಬೆಳೆಸಿದ್ದಾರೆ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ನೀರಿಗೆ ಬಿದ್ದು ನೆನೆದರೆ ಆ ನೀರೂ ವಿಷವೇ.

ಬೇಕಾಗುವ ಸಾಮಾನು: 80 ಪೌಂಡಿನ (36 ಕಿಲೋ) ರೆಡಿಮಿಕ್ಸ್ ಕಾಂಕ್ರೀಟ್ 3 ಚೀಲ, ಒಂದು ಮೀಟರ್ ಚದರದ ಕೋಳಿಬಲೆ, ಗಾರೆ ಕರಣೆ, ಗಟ್ಟಿ ಕಡ್ಡಿಯ ಪೊರಕೆ, ಪ್ಲಾಸ್ಟಿಕ್ ಹಾಳೆ.

1. ಒಂದು ಗೂಟಕ್ಕೆ 45 ಸೆಂ.ಮೀ. ದಾರ ಕಟ್ಟಿ ನೆಲದ ಮೇಲೆ ವೃತ್ತ ಎಳೆಯಿರಿ. ಅಂಚಿನಲ್ಲಿ 6 ಸೆಂ.ಮೀ., ನಡುವೆ 14 ಸೆಂ.ಮೀ. ಆಳ ಬರುವಂತೆ ಇಳಿಜಾರಾಗಿ ಅಗೆಯಿರಿ. ಕಾಂಕ್ರೀಟಿನ ದಪ್ಪ 6 ಸೆಂ.ಮೀ., ಆದ್ದರಿಂದ ಈ ಅಳತೆ.

2. ತಳದ ಮಣ್ಣಿಗೆ ನೀರು ಚಿಮುಕಿಸಿ ಗಟ್ಟಿಯಾಗಿ ದಮ್ಮಸು ಮಾಡಿ. ಇದನ್ನು ಅರ್ಧಂಬರ್ಧ ಮಾಡಿದರೆ ಮಣ್ಣು ಕುಸಿದು, ಆಮೆಯ ಭಾರಕ್ಕೆ ಮೊದಲ ಬೇಸಿಗೆಯಲ್ಲೇ ತೊಟ್ಟಿ ಬಿರುಕು ಬಿಡುತ್ತದೆ.

3. ಕಾಂಕ್ರೀಟನ್ನು ಗಟ್ಟಿಯಾಗಿಯೇ ಕಲಸಿ, ಇಳಿಜಾರಿನ ಮೇಲೆ ನಿಲ್ಲಬೇಕು. ಮೊದಲು 3 ಸೆಂ.ಮೀ. ಹಚ್ಚಿ, ಕೋಳಿಬಲೆ ಒತ್ತಿ, ಮೇಲೆ ಇನ್ನೊಂದು 3 ಸೆಂ.ಮೀ. ಹಚ್ಚಿ. ತಂತಿಯ ತುದಿ ಎಲ್ಲೂ ಹೊರಗೆ ಇಣುಕಬಾರದು.

4. ಅಂಚಿನಿಂದ ನಡುವಿಗೆ ಒಂದೇ ಸಮ ಇಳಿಜಾರು. ಎಲ್ಲೂ ಮೆಟ್ಟಿಲು ಬೇಡ. ಮೆಟ್ಟಿಲಿದ್ದರೆ ಆಮೆ ಮುಗ್ಗರಿಸಿ ಮಗುಚುತ್ತದೆ.

5. ಮೇಲ್ಮೈ ಬಿಗಿಯುತ್ತ ಬಂದಾಗ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಯಿರಿ. ಉಗುರಿಗೆ ಹಿಡಿತ ಸಿಗಬೇಕು. ತೀರಾ ಒರಟು ಮಾಡಿದರೆ ಕೆಳಚಿಪ್ಪು ಸವೆಯುತ್ತದೆ.

6. ಪ್ಲಾಸ್ಟಿಕ್ ಹಾಳೆ ಮುಚ್ಚಿ, ದಿನಕ್ಕೆ ಎರಡು ಸಲ ನೀರು ಹಾಕುತ್ತ 7 ದಿನ ಬಿಡಿ. ಜೂನ್ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಮೇಲ್ಮೈ ಬೇಗ ಒಣಗಿ ಸೀಳುತ್ತದೆ. ಅಕ್ಟೋಬರಿನಿಂದ ಮಾರ್ಚ್ ಒಳ್ಳೆಯ ಕಾಲ.

7. ಆಮೇಲೆ ಒಂದು ವಾರ ದಿನಾ ನೀರು ತುಂಬಿಸಿ ಚೆಲ್ಲಿ. ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತದೆ, ನೀರು ಕ್ಷಾರವಾಗುತ್ತದೆ. ಈಜುಕೊಳದ ನೀರು ಪರೀಕ್ಷಿಸುವ ಪಟ್ಟಿಯಿಂದ ನೋಡಿ, ನಲ್ಲಿ ನೀರಿಗೂ ತೊಟ್ಟಿ ನೀರಿಗೂ ಪಿಎಚ್ ಹೆಚ್ಚು ಕಡಿಮೆ ಒಂದೇ ಬಂದ ಮೇಲೆ ಆಮೆಗೆ ಬಿಡಿ.

ಬಣ್ಣ, ಸೀಲರ್ ಯಾವುದೂ ಬೇಡ. ತಳಕ್ಕೆ ತೂತು ಇಡುವುದೂ ಬೇಡ: ಅದು ಹುಲ್ಲು, ಹಿಕ್ಕೆಯಿಂದ ಕಟ್ಟಿಕೊಳ್ಳುತ್ತದೆ. ಇಷ್ಟು ಕಡಿಮೆ ಆಳದ ತೊಟ್ಟಿಯನ್ನು ಪೊರಕೆಯಿಂದ ಗುಡಿಸಿ ಎರಡೇ ನಿಮಿಷದಲ್ಲಿ ಖಾಲಿ ಮಾಡಬಹುದು.

ದಿನದ ಕೆಲಸ

ನೀರಿಗಿಳಿದ ಆಮೆ ಅಲ್ಲೇ ಹಿಕ್ಕೆ ಹಾಕುತ್ತದೆ, ಮೂತ್ರ ಮಾಡುತ್ತದೆ. ಅದು ಆರೋಗ್ಯದ ಲಕ್ಷಣವೇ, ಆದರೆ ಮತ್ತೆ ಅದೇ ನೀರು ಕುಡಿಯಲು ಬಿಡಬಾರದು. ಬೇಸಿಗೆಯಲ್ಲಿ ದಿನಾ ಬೆಳಗ್ಗೆ ಹಳೆ ನೀರು ಗುಡಿಸಿ ಹೊಸದು ತುಂಬಿಸಿ; ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ ಸಾಕು. ಇದಕ್ಕಿಂತ ತಡ ಮಾಡಿದರೆ ಸೊಳ್ಳೆ. ಬೇಸಿಗೆಯ ಶಾಖದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಸಾಕು. 2021ರಲ್ಲಿ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಸೊಳ್ಳೆ ಕಚ್ಚಿ ಬರುವ ವೆಸ್ಟ್ ನೈಲ್ ಜ್ವರ ಭಾರಿಯಾಗಿ ಹರಡಿತ್ತು ಎಂಬುದು ನೆನಪಿರಲಿ.

ಪೈಪು ಹಿಡಿಯುವಾಗ ಎಚ್ಚರ. ಬಿಸಿಲಲ್ಲಿ ಬಿದ್ದಿರುವ ಪೈಪಿನೊಳಗೆ ನಿಂತ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ. ಮೊದಲ ಒಂದೆರಡು ನಿಮಿಷದ ನೀರನ್ನು ಮರದ ಬುಡಕ್ಕೆ ಬಿಡಿ, ಕೈಯಿಟ್ಟು ನೋಡಿ, ಆಮೇಲೆ ತೊಟ್ಟಿಗೆ ತಿರುಗಿಸಿ.

ವಾರಕ್ಕೊಮ್ಮೆ 30 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಉಜ್ಜಿ, 10 ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. ಫೀನಿಕ್ಸ್‌ನ ನಲ್ಲಿ ನೀರು ಗಡಸು, ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಮಣ್ಣಿನ ತಟ್ಟೆಯಾದರೆ ಸಮ ಪಾಲು ವಿನೆಗರ್ ಮತ್ತು ನೀರು ಹಾಕಿ ಕಾಲು ಗಂಟೆ ಬಿಟ್ಟು ಉಜ್ಜಿ ತೆಗೆಯಬಹುದು. ಕಾಂಕ್ರೀಟಿಗೆ ಹುಳಿ ತಾಗಿಸಬೇಡಿ, ಮೈ ಕಿತ್ತು ಬರುತ್ತದೆ. ಅಲ್ಲಿ ಬರೀ ಬ್ರಷ್ ಸಾಕು. ಬ್ಲೀಚ್ ಮತ್ತು ವಿನೆಗರ್ ಎರಡನ್ನೂ ಯಾವತ್ತೂ ಒಟ್ಟಿಗೆ ಸೇರಿಸಬೇಡಿ, ವಿಷಗಾಳಿ ಹುಟ್ಟುತ್ತದೆ. ಆಮೆಗಳ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ತಟ್ಟೆ ತೊಳೆಯಬೇಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮರಿಗಳನ್ನು ನೆನೆಸುವುದು

ಮರಿಗಳಿಗೆ ತಟ್ಟೆಯೊಂದೇ ಸಾಲದು. ಮೈ ಚಿಕ್ಕದು, ಅದಕ್ಕೆ ತಕ್ಕ ನೀರಿನ ದಾಸ್ತಾನೂ ಚಿಕ್ಕದು. ಮೊದಲ ವರ್ಷ ದಿನಕ್ಕೊಮ್ಮೆ, ಆಮೇಲೆ 3 ಕಿಲೋ ಆಗುವವರೆಗೆ ವಾರಕ್ಕೆ ಎರಡು ಮೂರು ಸಲ, ಎತ್ತಲು ಸಾಧ್ಯವಿರುವಷ್ಟು ಕಾಲ ವಾರಕ್ಕೊಮ್ಮೆ ಉಗುರು ಬೆಚ್ಚಗಿನ ನೀರಿನಲ್ಲಿ ಕೂರಿಸಿ.

ಆಚೆ ಕಾಣದ, ಎತ್ತರದ ಗೋಡೆಯ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ಪಾರದರ್ಶಕ ಟಬ್ ಆದರೆ ಮರಿ ಗೋಡೆಗೆ ಢೀ ಹೊಡೆಯುತ್ತ ದಣಿಯುತ್ತದೆ, ಕುಡಿಯುವುದಿಲ್ಲ. ನೀರು 30–33 ಡಿಗ್ರಿ ಸೆಲ್ಸಿಯಸ್, ಥರ್ಮಾಮೀಟರಿನಿಂದಲೇ ನೋಡಿ. ಆಳ ಎಷ್ಟೆಂದರೆ, ಮೇಲ್ಚಿಪ್ಪು ಕೆಳಚಿಪ್ಪು ಕೂಡುವ ಬದಿಯ ಮಟ್ಟ. ತಲೆಯನ್ನು ಒಳಕ್ಕೆ ಎಳೆದುಕೊಂಡಾಗಲೂ ಮೂಗು ನೀರಿನ ಮೇಲಿರಬೇಕು. 20ರಿಂದ 30 ನಿಮಿಷ ಬಿಡಿ. ಮಧ್ಯೆ ಆರಿದರೆ ಬಿಸಿನೀರನ್ನು ಆಮೆಯ ಮೇಲೆ ಸುರಿಯದೆ, ಅದನ್ನು ಎತ್ತಿಕೊಂಡು, ನೀರು ಬೆರೆಸಿ, ಮತ್ತೆ ಬಿಡಿ. ಮೊದಲ ಐದು ನಿಮಿಷ ಒದ್ದಾಡಿ ಆಮೇಲೆ ಕತ್ತು ಚಾಚಿ ಮುಖ ಇಳಿಸುತ್ತದೆ. ಗಂಟಲ ಚರ್ಮ ಮೇಲೆ ಕೆಳಗೆ ಆಡುವುದು ಕಂಡರೆ ಕುಡಿಯುತ್ತಿದೆ ಎಂದೇ ಅರ್ಥ. ಒಂದು ಟಬ್ಬಿನಲ್ಲಿ ಒಂದೇ ಗಾತ್ರದ ಮರಿಗಳಿರಲಿ, ದೊಡ್ಡದು ಚಿಕ್ಕದರ ಮೇಲೆ ಹತ್ತಿ ಮುಳುಗಿಸಬಹುದು. ನೆನೆಯುವಾಗ ಬಿಟ್ಟು ಹೋಗಬೇಡಿ.

ಒಂದು ವರ್ಷದೊಳಗಿನ ಮರಿಯನ್ನು ಇಡೀ ದಿನ ಹಿತ್ತಲಲ್ಲಿ ಬಿಡುವುದು ಫೀನಿಕ್ಸ್‌ನಲ್ಲಿ ಸರಿಯಲ್ಲ. ಮೇ–ಜೂನ್ ಮಧ್ಯಾಹ್ನದ ಗಾಳಿಯಲ್ಲಿ ತೇವ ಎಷ್ಟೋ ದಿನ ಶೇ. 10ಕ್ಕಿಂತ ಕೆಳಗೆ ಇಳಿಯುತ್ತದೆ, ಮರಿಗೆ ಬೇಕಾದದ್ದು ಶೇ. 70–80. ನೆನೆಸಿದ ಮೇಲೆ ಬೆಳಗ್ಗೆ ಒಂದೆರಡು ಗಂಟೆ ಹುಲ್ಲಿನ ಮೇಲೆ ಬಿಟ್ಟು, ಉಳಿದ ಹೊತ್ತು ಒಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ತೇವದ ಕೊಕೊಪೀಟಿನ ಮೇಲೆ ಇಡಿ. 650 ಗ್ರಾಂನ ಕೊಕೊಪೀಟ್ ಇಟ್ಟಿಗೆಯೊಂದು ಸುಮಾರು 4 ಲೀಟರ್ ನೀರು ಕುಡಿದು ಎಂಟೊಂಬತ್ತು ಲೀಟರಿನಷ್ಟು ಉಬ್ಬುತ್ತದೆ. ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವ ಹದ ಸಾಕು. ಚಿಪ್ಪಿನ ಫಲಕಗಳು ಪಿರಮಿಡ್ಡಿನಂತೆ ಏಳುವುದಕ್ಕೆ ಹೆಚ್ಚು ಪ್ರೋಟೀನ್ ತಿನ್ನಿಸುವುದೇ ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. ಸಲ್ಕಾಟಾ ಮರಿಗಳ ಮೇಲೆಯೇ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಣ ವಾತಾವರಣದ ಪಾತ್ರವೇ ದೊಡ್ಡದೆಂದು ಕಂಡುಬಂತು. ಒಮ್ಮೆ ಎದ್ದ ಗುಡ್ಡ ಮತ್ತೆ ಇಳಿಯುವುದಿಲ್ಲ.

ಬಿಲದ ತೇವ

ಬೆಳೆದ ಆಮೆ ನೆರಳಿನ ಬಿಲದಲ್ಲೇ ಹೆಚ್ಚು ಹೊತ್ತು ಕಳೆಯುವುದರಿಂದ ಬಿಲ ಒಣಗಿದ್ದರೆ ಉಸಿರಿನ ಮೂಲಕವೇ ನೀರು ಕಳೆದುಕೊಳ್ಳುತ್ತದೆ. ನೀವು ಕಟ್ಟಿಕೊಟ್ಟ ಬಿಲವಾದರೆ ಒಂದು ಉಪಾಯ ಮಾಡಬಹುದು: ಮೇಲಿನಿಂದ ಒಳಕೋಣೆಯ ನೆಲದವರೆಗೆ 5 ಸೆಂ.ಮೀ.ನ ಪಿವಿಸಿ ಪೈಪನ್ನು ಮೂಲೆಯಲ್ಲಿ ಇಳಿಸಿ, ಕೆಳಗಿನ ಒಂದು ಅಡಿಗೆ ತೂತು ಕೊರೆದು, ಬೇಸಿಗೆಯಲ್ಲಿ ವಾರಕ್ಕೆ 4–5 ಲೀಟರ್ ಸುರಿಯಿರಿ. ಪೈಪಿನ ಬಾಯಿಗೆ ಮುಚ್ಚಳ ಹಾಕಿ. ತಂತಿ ಇಳಿಬಿಡುವ ತೇವಮಾಪಕ ಒಳಗಿಟ್ಟು ಶೇ. 50–60 ಇದೆಯೇ ನೋಡಿಕೊಳ್ಳಿ. ಆಮೆ ತಾನೇ ತೋಡಿದ ಬಿಲಕ್ಕೆ ಮಾತ್ರ ಪೈಪು ಬಿಡಬೇಡಿ, ಮಾಡಿಗೆ ಆಧಾರವಿಲ್ಲದ ಮಣ್ಣು ನೆನೆದು ಕುಸಿದರೆ ಆಮೆ ಒಳಗೇ ಹೂತುಹೋಗುತ್ತದೆ. ಅಲ್ಲಿ ಬಿಲದ ಬಾಯಿಯ ಸುತ್ತ ಗಿಡ ನೆಟ್ಟು, ಬಾಯಿಗೆ ದಪ್ಪ ರಬ್ಬರ್ ಪಟ್ಟಿಯ ಪರದೆ ಇಳಿಬಿಟ್ಟರೆ ಒಳಗಿನ ತೇವ ಉಳಿಯುತ್ತದೆ.

ನೆರಳಿನಲ್ಲಿ ಒಂದೂವರೆ ಮೀಟರ್ ಅಗಲದ ಜಾಗವನ್ನು ಸಡಿಲಿಸಿ ಎರಡು ದಿನಕ್ಕೊಮ್ಮೆ ನೀರು ಬಿಟ್ಟು ಕೆಸರು ಮಾಡಿಕೊಡಿ. ಆಮೆ ಅದರಲ್ಲಿ ಹೊರಳಿ ಮೈಗೆಲ್ಲ ಮೆತ್ತಿಕೊಳ್ಳುತ್ತದೆ; ಆರುವ ಕೆಸರು ಮೈಯನ್ನು ತಂಪು ಮಾಡುತ್ತದೆ.

ಶಾಖವಿದ್ದಾಗ ತೇವ ಒಳ್ಳೆಯದು, ಚಳಿಯಲ್ಲಿ ಅದೇ ತೇವ ಕೆಡುಕು. ರಾತ್ರಿ 20 ಡಿಗ್ರಿಗಿಂತ ಕೆಳಗಿಳಿದಾಗ ಒದ್ದೆ ನೆಲದಲ್ಲಿ ಮಲಗಿದ ಸಲ್ಕಾಟಾಕ್ಕೆ ಮೂಗು ಸೋರುತ್ತದೆ, ಅಲ್ಲಿಂದ ನ್ಯುಮೋನಿಯಾ ದೂರವಿಲ್ಲ. ಚಳಿಗಾಲದ ರಾತ್ರಿಗೆ 27 ಡಿಗ್ರಿ ಹಿಡಿದಿಡುವ ಪೆಟ್ಟಿಗೆ ಬೇಕು. ಹೀಟರ್ ಗಾಳಿಯನ್ನು ಒಣಗಿಸುವುದರಿಂದ ಒಳಗೆ ಆಮೆಗೆ ಎಟುಕದ, ಚೆಲ್ಲದ ಜಾಗದಲ್ಲಿ ಒಂದು ಅಗಲ ಬಾಯಿಯ ನೀರಿನ ಪಾತ್ರೆ ಇಡಿ. ಬಿಸಿಲು ಬಂದ ಮಧ್ಯಾಹ್ನ ತೊಟ್ಟಿಗೆ ಬೆಚ್ಚಗಿನ ನೀರು ತುಂಬಿಸಿ ಕುಡಿಸಿ.

ಮೇವಿನಲ್ಲಿರುವ ನೀರು

ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ, ಒಣ ಹುಲ್ಲಿನಲ್ಲಿ ಹತ್ತರಲ್ಲಿ ಒಂದು ಪಾಲು. ಬರೀ ಒಣ ಹುಲ್ಲು ತಿನ್ನುವ ಆಮೆ ಅದನ್ನು ಜೀರ್ಣಿಸಲು ಇರುವ ನೀರನ್ನೂ ಖರ್ಚು ಮಾಡುತ್ತದೆ. ಫೀನಿಕ್ಸ್‌ನಲ್ಲಿ ಲಾನಿಗೆ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ. ಅದು ಸಲ್ಕಾಟಾಕ್ಕೆ ಉತ್ತಮ ಮೇವು. ಗೊಬ್ಬರ, ಕಳೆನಾಶಕ ಹಾಕದ ಲಾನ್ ಆಗಿರಬೇಕಷ್ಟೇ. ಪಾಪಾಸುಕಳ್ಳಿಯ ಹಲಗೆಯಲ್ಲಿ ನೀರು ಬಹಳ: ಮುಳ್ಳು ಸುಟ್ಟು ಅಥವಾ ಕೆರೆದು, ಕತ್ತರಿಸಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಕೊಡಿ. ದಾಸವಾಳದ ಎಲೆ ಹೂವು, ಹಿಪ್ಪುನೇರಳೆ ಎಲೆ, ದ್ರಾಕ್ಷಿ ಎಲೆ ಎಲ್ಲ ಒಳ್ಳೆಯವು. ಒಣ ಹುಲ್ಲು ಕೊಡುವ ತಿಂಗಳುಗಳಲ್ಲಿ ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ನೀರು ಚಿಮುಕಿಸಿ ಹಾಕಿ, ಉಳಿದದ್ದನ್ನು ಸಂಜೆಯೇ ಎತ್ತಿಬಿಡಿ, ಬೂಸಲು ಬರುತ್ತದೆ. ನೀರಿನಂಶ ಇದೆಯೆಂದು ಕಲ್ಲಂಗಡಿ ಹಾಕಬೇಡಿ. ಹುಲ್ಲಿಗೆ ಒಗ್ಗಿದ ಕರುಳಿಗೆ ಸಕ್ಕರೆ ಸೇರಿ ಭೇದಿಯಾದರೆ ಬಂದದ್ದಕ್ಕಿಂತ ಹೆಚ್ಚು ನೀರು ಹೋಗುತ್ತದೆ.

43 ಡಿಗ್ರಿ ದಾಟಿದಾಗ

2023ರಲ್ಲಿ ಫೀನಿಕ್ಸ್‌ನ ಉಷ್ಣತೆ 31 ದಿನ ಸತತವಾಗಿ 43 ಡಿಗ್ರಿ ದಾಟಿತ್ತು. ಇಂಥ ದಿನಗಳಲ್ಲಿ ಬಿಸಿಲಿಗೆ ಬಿದ್ದ ತೊಟ್ಟಿಯಿಂದ ದಿನಕ್ಕೆ ಒಂದು ಸೆಂಟಿಮೀಟರಿಗೂ ಹೆಚ್ಚು ನೀರು ಆವಿಯಾಗುತ್ತದೆ, ಉಳಿದದ್ದು ಕಾಯುತ್ತದೆ. ಬೆಳಗ್ಗೆ 5ರಿಂದ 6ರೊಳಗೆ ನೀರು ತುಂಬಿಸಿ, ಆಮೆ ಹೊರಗೆ ಬರುವ ಹೊತ್ತು ಅದು. ಸಂಜೆ ಇನ್ನೊಮ್ಮೆ ನೋಡಿ.

ಬಾಯಿಯಲ್ಲಿ ನೊರೆ, ಕತ್ತು ಮುಂಗಾಲಿನ ಮೇಲೆ ಜೊಲ್ಲು ಕಂಡರೆ ಮೈ ಅಪಾಯದ ಮಟ್ಟಕ್ಕೆ ಕಾದಿದೆ ಎಂದರ್ಥ. ತಕ್ಷಣ ನೆರಳಿಗೆ ತಂದು, ಕೈಗೆ ತಣ್ಣಗೆನಿಸುವ ಸಾದಾ ನೀರನ್ನು ಕಾಲು, ಕತ್ತು, ಚಿಪ್ಪಿನ ಮೇಲೆ ಹರಿಸಿ. ಐಸ್ ಬೇಡ. ನೊರೆ ನಿಂತ ಮೇಲೂ ವೈದ್ಯರಿಗೆ ತೋರಿಸಿ.

ಈಜುಕೊಳ ಇರುವ ಹಿತ್ತಲಾದರೆ ಸುತ್ತ 60 ಸೆಂ.ಮೀ. ಎತ್ತರದ, ಆಚೆ ಕಾಣದ ಗಟ್ಟಿ ಗೋಡೆ ಕಟ್ಟಲೇಬೇಕು. ಸಲ್ಕಾಟಾಕ್ಕೆ ಈಜು ಬರುವುದಿಲ್ಲ, ತಂತಿಬೇಲಿಯನ್ನು ಅದು ತಳ್ಳಿಕೊಂಡೇ ಹೋಗುತ್ತದೆ.

ಊರಿಗೆ ಹೋಗುವಾಗ ಹನಿ ನೀರಾವರಿಯ ಟೈಮರಿಗೆ ತೊಟ್ಟಿಯನ್ನು ಸೇರಿಸಬಹುದು: ಗಂಟೆಗೆ ಸುಮಾರು 7.5 ಲೀಟರ್ ಬಿಡುವ ಡ್ರಿಪ್ಪರ್ ಎರಡು ಗಂಟೆ ಹರಿದರೆ 15 ಲೀಟರ್. ಅದನ್ನು ದೊಡ್ಡ ಕಲ್ಲಿನ ಹಿಂದೆ ಭದ್ರಪಡಿಸಿ. ತೇಲುವ ಚೆಂಡಿನ ವಾಲ್ವ್ ಹಾಕಿದರೆ ಆಮೆ ಜಜ್ಜಿಹಾಕುತ್ತದೆ. ಡ್ರಿಪ್ಪರ್ ನೀರು ತುಂಬಿಸುತ್ತದೆ, ತೊಳೆಯುವುದಿಲ್ಲ. ಎರಡು ದಿನಕ್ಕೊಮ್ಮೆ ಯಾರಾದರೂ ಬಂದು ಗುಡಿಸಲೇಬೇಕು.

ಬೆಂಗಳೂರಿನಲ್ಲಿ ಸಾಕುವವರಿಗೆ

ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡಿ. ಸಲ್ಕಾಟಾ ವಿದೇಶಿ ಜಾತಿಯಾದ್ದರಿಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಬೆಂಗಳೂರಲ್ಲಿ ಗಾಳಿಯ ತೇವಕ್ಕೆ ಕೊರತೆ ಇರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಮಳೆಗಾಲದಲ್ಲಿ ಕಷ್ಟವೇ ಬೇರೆ: ನೆಲ ಸದಾ ಒದ್ದೆ, ರಾತ್ರಿ 20 ಡಿಗ್ರಿ. ಮಲಗುವ ಗೂಡನ್ನು ನೆಲದಿಂದ ಮೇಲೆತ್ತಿ, ಒಣಗಿಸಿ, ಬೆಚ್ಚಗಿಡಿ. ಕೆಳಚಿಪ್ಪು ಮೆತ್ತಗಾಗಿ ವಾಸನೆ ಬಂದರೆ ಅದು ಚಿಪ್ಪು ಕೊಳೆಯುವ ರೋಗ.

ವೈದ್ಯರ ಬಳಿ ಯಾವಾಗ?

ಕಣ್ಣು ಒಳಗೆ ಹೋಗಿದ್ದರೆ, ಬಾಯಿಯ ಜೊಲ್ಲು ಅಂಟಂಟಾಗಿ ಎಳೆಯಂತಾಗಿದ್ದರೆ, ಎತ್ತಿದಾಗ ಮೈ ಹಗುರ ಎನಿಸಿದರೆ ಮನೆಮದ್ದಿಗೆ ಕಾಯಬೇಡಿ. ಹಿಂಗಾಲು ಎಳೆಯುತ್ತ ತಿಣುಕುವುದು, ಮೂತ್ರದಲ್ಲಿ ರಕ್ತ, ಎರಡು ವಾರ ದಿನಾ ನೆನೆಸಿದರೂ ಗರಗರ ಕಡಿಮೆಯಾಗದಿರುವುದು ಕಲ್ಲಿನ ಗುರುತು. ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಿರಿಂಜಿನಿಂದ ಬಾಯಿಗೆ ನೀರು ಹಾಕಬೇಡಿ, ನಾಲಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಬೇಕಾದರೆ ವೈದ್ಯರು ಚರ್ಮದಡಿ ದ್ರವ ಕೊಡುತ್ತಾರೆ. ಸರೀಸೃಪಗಳನ್ನು ನೋಡುವ ವೈದ್ಯರೇ ಆಗಬೇಕು, ಅಂಥವರು ಎಲ್ಲಿದ್ದಾರೆ ಎಂದು ಆಮೆ ಚೆನ್ನಾಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಹೋಗುವಾಗ ಕಳೆದ ಕೆಲವು ತಿಂಗಳ ತೂಕದ ಪಟ್ಟಿ, ಹೊಸ ಯೂರೇಟ್ ಇರುವ ಮುಚ್ಚಿದ ಡಬ್ಬಿ ಜೊತೆಗಿರಲಿ. ತೂಕವನ್ನು ಪ್ರತಿ ಸಲವೂ ನೆನೆಸುವ ಮುಂಚೆಯೇ ನೋಡಿ ಬರೆದಿಡಿ. ಕುಡಿದ ಮೇಲೆ ನೋಡಿದ ತೂಕದ ಜೊತೆ ಬೆರೆಸಿದರೆ ಲೆಕ್ಕ ತಪ್ಪುತ್ತದೆ.